ಪೆಲೆಟ್ ಸುರಿದರೂ ಗೆಂಡೆ ತೂಕ ಹಿಡಿಯದಿದ್ದಾಗ: ಹೊಂಡದ ನೀರಿನಿಂದ ಆರಂಭಿಸುವ ತಪಾಸಣೆ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ, ಸಿಂಧನೂರು ತಾಲ್ಲೂಕಿನ ಎರೆಭೂಮಿಯಲ್ಲಿ, ಅರ್ಧ ಎಕರೆಯ ಮೀನುಹೊಂಡವೊಂದನ್ನು ನಾನು ಒಂಬತ್ತು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಕಾರಟಗಿ, ಮಾನ್ವಿ, ಸಿರುಗುಪ್ಪ ಕಡೆಯ ಮೀನು ಸಾಕಣೆದಾರರು ಭೇಟಿಯಾದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಚೀಲಗಟ್ಟಲೆ ಫೀಡ್ ಹಾಕಿದರೂ ಮೀನು ಬೆಳೆದಿಲ್ಲ, ಬೇರೆ ಫೀಡ್ ತರಬೇಕೇ? ಚೀಲ ಬದಲಿಸುವ ಮೊದಲು ನೀರನ್ನು ನೋಡಿ ಎಂದೇ ನಾನು ಅವರಿಗೆ ಹೇಳುತ್ತೇನೆ. ಕಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳಿಗೆ ಊಟ ಎರಡು ಕಡೆಯಿಂದ ಬರುತ್ತದೆ. ನೀರಿನಲ್ಲೇ ಹುಟ್ಟುವ ಪಾಚಿ, ಸೂಕ್ಷ್ಮಜೀವಿ, ತಳದ ಹುಳು ಮತ್ತು ಕೊಳೆತ ಪದಾರ್ಥ ಒಂದು. ನಾವು ಹಾಕುವ ಪೆಲೆಟ್ (ಕಾಳಿನಂತಿರುವ ಸಿದ್ಧ ಮೇವು), ತೌಡು, ಹಿಂಡಿ ಇನ್ನೊಂದು. ಮಣ್ಣಿನ ಹೊಂಡದಲ್ಲಿ ಎರಡನೆಯದರ ಕೆಲಸ ಮೊದಲನೆಯದರ ಕೊರತೆಯನ್ನು ತುಂಬುವುದು ಮಾತ್ರ. ಮೊದಲನೆಯದೇ ಇಲ್ಲದಿದ್ದಾಗ ಪೆಲೆಟ್ ಎಷ್ಟು ಹಾಕಿದರೂ ಲೆಕ್ಕ ಕೂಡುವುದಿಲ್ಲ.

ಮೊಬೈಲಿನಲ್ಲಿ ಕಾಶ್ಮೀರ, ಹಿಮಾಚಲದ ಟ್ರೌಟ್ ಸಾಕಣೆಯ ದೃಶ್ಯಗಳನ್ನು ನೋಡಿ, ಪೆಲೆಟ್ ಎರಚಿದೊಡನೆ ನೀರು ಕುದಿದಂತೆ ಮೀನು ಮುಗಿಬೀಳುವುದನ್ನು ಕಂಡು, ನಮ್ಮ ಹೊಂಡದಲ್ಲಿಯೂ ಹಾಗೆಯೇ ಆಗಬೇಕೆಂದು ನಿರೀಕ್ಷಿಸುವವರು ಹೆಚ್ಚುತ್ತಿದ್ದಾರೆ. ಟ್ರೌಟ್ 20 ಡಿಗ್ರಿಗಿಂತ ತಣ್ಣಗಿರುವ ಹರಿಯುವ ನೀರಿನ ಮೀನು. ಅದು ಹುಳುಹುಪ್ಪಟೆ ಮತ್ತು ಸಣ್ಣ ಮೀನುಗಳನ್ನು ಬೇಟೆಯಾಡಿ ತಿನ್ನುತ್ತದೆ, ಅದಕ್ಕೆ ಜಠರವಿದೆ, ಸಿಮೆಂಟ್ ತೊಟ್ಟಿಯಲ್ಲಿ ಸಾಕುವಾಗ ಅದಕ್ಕೆ ಸಹಜ ಆಹಾರ ಸಿಗುವುದಿಲ್ಲವಾದ್ದರಿಂದ ಶೇಕಡ 40ಕ್ಕೂ ಹೆಚ್ಚು ಪ್ರೋಟೀನ್ ಇರುವ ಪೆಲೆಟ್ಟೇ ಅದರ ಪೂರ್ಣ ಊಟ. ನಮ್ಮ ಗೆಂಡೆಗಳಿಗೆ ಜಠರವೇ ಇಲ್ಲ. ಉದ್ದನೆಯ ಕರುಳಿನಲ್ಲಿ ದಿನವಿಡೀ ಸ್ವಲ್ಪಸ್ವಲ್ಪವಾಗಿ ಆಹಾರ ಸಾಗುತ್ತಿರಬೇಕು. ಆದ್ದರಿಂದ ಟ್ರೌಟ್‌ಗೆ ಸರಿಯಾದ ಕ್ರಮವನ್ನು ಎರೆಭೂಮಿಯ ಬಿಸಿನೀರಿನ ಹೊಂಡಕ್ಕೆ ತಂದರೆ ಹಣ ಹೋಗುತ್ತದೆ, ನೀರೂ ಕೆಡುತ್ತದೆ.

ಕೆಳಗಿನ ತಪಾಸಣೆಗೆ ಒಂದು ತಕ್ಕಡಿ, ಬೀಸುಬಲೆ, ಗಾಜಿನ ಲೋಟ, ಉಷ್ಣಮಾಪಕ, ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಪಟ್ಟಿ ಮತ್ತು ಸೊಳ್ಳೆಪರದೆಯ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಮಾಡಿದ ಒಂದು ಮೇವಿನ ತಟ್ಟೆ ಇದ್ದರೆ ಸಾಕು.

ಪೆಲೆಟ್ ಹಾಗೆಯೇ ಉಳಿಯುತ್ತಿದೆ, ಮೀನು ಬಾಯಿ ಹಾಕುತ್ತಿಲ್ಲ

ಮೊದಲು ಗಡಿಯಾರ ನೋಡಬೇಕು. ರಾತ್ರಿಯಿಡೀ ಹೊಂಡದ ಪಾಚಿಯೂ ಮೀನೂ ಉಸಿರಾಡುತ್ತಲೇ ಇರುವುದರಿಂದ ನೀರಿನಲ್ಲಿ ಕರಗಿದ ಆಮ್ಲಜನಕ ಸೂರ್ಯೋದಯಕ್ಕೆ ಮುಂಚೆ ಅತಿ ಕಡಿಮೆ ಇರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಚೆನ್ನಾಗಿ ತಿನ್ನುತ್ತದೆ. 3ಕ್ಕಿಂತ ಇಳಿದರೆ ಮೇವಿನ ಕಡೆ ತಿರುಗಿಯೂ ನೋಡುವುದಿಲ್ಲ. ಹೊಲಕ್ಕೆ ಹೋಗುವ ಅವಸರದಲ್ಲಿ ಬೆಳಿಗ್ಗೆ ಆರಕ್ಕೇ ಮೇವು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅದನ್ನು ಒಂಬತ್ತರ ನಂತರಕ್ಕೆ ಮುಂದೂಡಿ ಮೂರು ದಿನ ನೋಡಿದರೆ, ಒಂದು ಪೈಸೆ ಖರ್ಚಿಲ್ಲದೆ ಅರ್ಧದಷ್ಟು ದೂರುಗಳು ಬಗೆಹರಿಯುತ್ತವೆ. ಮೋಡ ಕವಿದ ದಿನ ಪಾಚಿ ಆಮ್ಲಜನಕವನ್ನು ಕಡಿಮೆ ತಯಾರಿಸುವುದರಿಂದ ಅಂದು ಮೇವನ್ನು ಅರ್ಧಕ್ಕೆ ಇಳಿಸಬೇಕು, ಮಳೆ ಜೋರಾಗಿದ್ದರೆ ಪೂರ್ತಿ ನಿಲ್ಲಿಸಬೇಕು.

ಎರಡನೆಯದು ನೀರಿನ ತಾಪ. ಗೆಂಡೆಗಳಿಗೆ 25ರಿಂದ 32 ಡಿಗ್ರಿ ಹಿತವಾದದ್ದು. ಡಿಸೆಂಬರ್ ಕೊನೆಯಲ್ಲಿ ಒಮ್ಮೆ ನನ್ನ ಹೊಂಡದಲ್ಲಿ ಹತ್ತು ದಿನ ಪೆಲೆಟ್ ತೇಲಿ ದಡ ಸೇರಿತು. ಮೇವು ಹಳತೆಂದು ತಿಳಿದು ಹೆಚ್ಚು ಬೆಲೆಯ ಚೀಲ ತಂದೆ, ಅದೂ ತೇಲಿತು. ಹನ್ನೊಂದನೆಯ ದಿನ ಉಷ್ಣಮಾಪಕವನ್ನು ದಾರಕ್ಕೆ ಕಟ್ಟಿ ಮೊಣಕಾಲುದ್ದ ಇಳಿಬಿಟ್ಟಾಗ ಬೆಳಗಿನ ನೀರು 19 ಡಿಗ್ರಿ ತೋರಿಸಿತು. ಚಳಿಗೆ ಮೀನಿನ ಜೀರ್ಣಶಕ್ತಿ ಕುಗ್ಗಿತ್ತು, ಅಷ್ಟೇ. ಅಂಥ ದಿನಗಳಲ್ಲಿ ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಒಂದರಿಂದ ಮೂರರೊಳಗೆ, ಎಂದಿನ ಮೂರನೆಯ ಒಂದು ಭಾಗವನ್ನು ಮಾತ್ರ ಕೊಡುವುದು ಸರಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ತೆಳುವಾದ ನೀರು ಕಾದು ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ. ಆಗ ಮಧ್ಯಾಹ್ನದ ಮೇವನ್ನು ಬಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ಐದಕ್ಕೆ ಕೊಡಬೇಕು.

ಮೂರನೆಯದು ಪ್ರಮಾಣ. ಹೊಂಡದಲ್ಲಿ ಸರಾಸರಿ 200 ಗ್ರಾಂ ತೂಕದ 2,000 ಮೀನುಗಳಿದ್ದರೆ ಒಟ್ಟು ತೂಕ 400 ಕೆ.ಜಿ.; ಶೇಕಡ 2ರಂತೆ ದಿನಕ್ಕೆ 8 ಕೆ.ಜಿ. ಸಾಕು. ಮರಿಗಳಿಗೆ ತೂಕದ ಶೇಕಡ 5ರವರೆಗೆ ಬೇಕಾದರೂ ಮೀನು ದೊಡ್ಡದಾದಂತೆ ಈ ಪ್ರಮಾಣ ಇಳಿಯುತ್ತ ಹೋಗಬೇಕು. ಮರಿ ಬಿಟ್ಟ ದಿನದ ಸಂಖ್ಯೆಯನ್ನೇ ಹಿಡಿದು ಲೆಕ್ಕ ಹಾಕುವವರು ನಡುವೆ ಸತ್ತ, ಹಕ್ಕಿ ಒಯ್ದ, ಕದ್ದುಹೋದ ಮೀನುಗಳಿಗೂ ಮೇವು ಹಾಕುತ್ತಿರುತ್ತಾರೆ. ತೇಲುವ ಪೆಲೆಟ್ ಅರ್ಧ ಗಂಟೆಯೊಳಗೆ ಖಾಲಿಯಾಗಬೇಕು. ಮುಳುಗುವ ಪೆಲೆಟ್ ಆದರೆ ಮೇವಿನ ತಟ್ಟೆಯ ಮೇಲೆ ಒಂದು ಹಿಡಿ ಹಾಕಿ ಇಳಿಸಿ, ಎರಡು ಗಂಟೆಯ ನಂತರ ಎತ್ತಿ ನೋಡಬೇಕು. ಉಳಿದಿದ್ದರೆ ಮರುದಿನ ಕಾಲು ಭಾಗ ಕಡಿಮೆ ಮಾಡಬೇಕು.

ಇಷ್ಟೆಲ್ಲ ಸರಿಯಿದ್ದರೆ ಚೀಲದ ಕಡೆ ತಿರುಗಬಹುದು. ತಯಾರಿಕೆಯ ದಿನಾಂಕದಿಂದ ಮೂರು ತಿಂಗಳು ಮೀರಿದ, ತಗಡಿನ ಕೊಠಡಿಯಲ್ಲಿ ಬೇಸಿಗೆ ಕಳೆದ ಪೆಲೆಟ್ಟಿನ ಕೊಬ್ಬು ಕಮಟು ಹಿಡಿದಿರುತ್ತದೆ. ಹಿಡಿ ಪೆಲೆಟ್ಟನ್ನು ಮೂಗಿನ ಬಳಿ ಹಿಡಿದರೆ ಹಳೆಯ ಎಣ್ಣೆಯ ವಾಸನೆ ತಿಳಿಯುತ್ತದೆ. ಬಕೆಟ್ ನೀರಿಗೆ ಇಪ್ಪತ್ತು ಕಾಳು ಹಾಕಿ ನೋಡಿದಾಗ ಹತ್ತು ನಿಮಿಷದಲ್ಲೇ ಕರಗಿ ಹಿಟ್ಟಾದರೆ ಅದು ಮೀನಿನ ಬಾಯಿಗೆ ಹೋಗದೆ ನೀರಿಗೆ ಗೊಬ್ಬರವಾಗುತ್ತದೆ. ಬೂಷ್ಟು ಹಿಡಿದ ಪೆಲೆಟ್ಟನ್ನು ಬಿಸಿಲಿಗೆ ಒಣಗಿಸಿ ಮತ್ತೆ ಬಳಸಲೇಬಾರದು. ಬೂಷ್ಟಿನ ವಿಷ ಬಿಸಿಲಿನಿಂದ ಹೋಗುವುದಿಲ್ಲವಾದ್ದರಿಂದ ಅದನ್ನು ದನಕ್ಕೂ ಕೋಳಿಗೂ ಹಾಕದೆ ಹೂಳುವುದೇ ಸರಿ.

ಇನ್ನೊಂದು ಸಾಧ್ಯತೆಯನ್ನು ಸಂತೋಷದಿಂದ ಹೇಳಬೇಕು. ನೀರು ಒಳ್ಳೆಯ ತಿಳಿಹಸಿರು ಬಣ್ಣಕ್ಕೆ ತಿರುಗಿ ಸಹಜ ಆಹಾರ ತುಂಬಿದ್ದರೆ ಮೀನು ಪೆಲೆಟ್ಟಿಗೆ ಆತುರಪಡುವುದಿಲ್ಲ. ತೂಕ ಏರುತ್ತಿದ್ದು ಪೆಲೆಟ್ ಉಳಿದರೆ ಅದು ದೋಷವಲ್ಲ, ಉಳಿತಾಯ.

ಪೆಲೆಟ್ ಖಾಲಿಯಾಗುತ್ತಿದೆ, ಆದರೆ ತೂಕ ಬರುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚು ತಪ್ಪು ನಿರ್ಣಯವಾಗುವುದು ಇಲ್ಲಿಯೇ. ಬೀಸುಬಲೆಯನ್ನು ಹೊಂಡದ ಮೂರು ಮೂಲೆಗಳಲ್ಲಿ ಎಸೆದು, ಸಿಕ್ಕ ಮೀನುಗಳನ್ನು ಜಾತಿವಾರು ಬೇರ್ಪಡಿಸಿ ತೂಗಬೇಕು. ಒಟ್ಟಾರೆ ಸರಾಸರಿ ಏನನ್ನೂ ಹೇಳುವುದಿಲ್ಲ. ಯಾವ ಜಾತಿ ಬಡಕಲಾಗಿದೆ ಎಂಬುದೇ ಹೊಂಡದ ಯಾವ ಮಟ್ಟದಲ್ಲಿ ಊಟವಿಲ್ಲ ಎಂಬುದನ್ನು ತೋರಿಸುತ್ತದೆ.

ಕಟ್ಲಾ ಮಾತ್ರ ಸೊರಗಿ, ತಲೆ ದೊಡ್ಡದಾಗಿ, ಬೆನ್ನು ಚೂಪಾಗಿ, ಹಿಡಿದಾಗ ಬೆನ್ನೆಲುಬು ಬೆರಳಿಗೆ ತಾಗುವಂತಿದ್ದರೆ ಮೇಲ್ಮಟ್ಟದ ನೀರಿನಲ್ಲಿ ಪ್ರಾಣಿ ಪ್ಲಾಂಕ್ಟನ್ (ತೇಲಾಡುವ ಸೂಕ್ಷ್ಮ ಪ್ರಾಣಿಗಳು) ಇಲ್ಲವೆಂದು ತಿಳಿಯಬೇಕು. ಕಟ್ಲಾದ ಬಾಯಿ ಮೇಲ್ಮುಖವಾಗಿದ್ದರೂ ಅದು ಪೆಲೆಟ್ ಕಚ್ಚಲು ಹುಟ್ಟಿದ ಮೀನಲ್ಲ. ನೀರನ್ನು ಒಳಗೆಳೆದುಕೊಂಡು ಕಿವಿರಿನ ಒಳಗಿರುವ ಒತ್ತಾದ ಬಾಚಣಿಗೆಯಂಥ ಎಳೆಗಳಲ್ಲಿ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು ಅದು. ತೇಲುವ ಪೆಲೆಟ್ ಹಾಕಿದಾಗ ರೋಹು ಮುನ್ನುಗ್ಗಿ ತಿಂದು ಮುಗಿಸುತ್ತದೆ, ಕಟ್ಲಾ ಹಿಂದೆ ಉಳಿಯುತ್ತದೆ. ಪೆಲೆಟ್ ಖಾಲಿಯಾದದ್ದನ್ನು ನೋಡಿ ಎಲ್ಲವೂ ಉಂಡವು ಎಂದು ನಾವು ತಿಳಿಯುತ್ತೇವೆ. ಇದಕ್ಕೆ ಪರಿಹಾರ ಸಹಜ ಆಹಾರ ಬೆಳೆಸುವುದು. ಅದರ ಜೊತೆಗೆ ತೌಡು ಮತ್ತು ಶೇಂಗಾ ಹಿಂಡಿಯ ಪುಡಿಯನ್ನು ತಳದಲ್ಲಿ ಸಣ್ಣ ತೂತು ಹೊಡೆದ ಚೀಲಗಳಿಗೆ ತುಂಬಿ, ನೀರಿನ ಮೇಲ್ಮಟ್ಟಕ್ಕೆ ತಾಗುವಂತೆ ಗಳಗಳಿಗೆ ಕಟ್ಟುವುದು. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ತೌಡು ಹತ್ತಿರದಲ್ಲೇ ಸಿಗುವಾಗ ಈ ವಿಧಾನವನ್ನು ಬಿಟ್ಟು ಕಟ್ಲಾಗೆ ಪೆಲೆಟ್ ಮಾತ್ರ ನಂಬುವುದು ನನ್ನ ಅಭಿಪ್ರಾಯದಲ್ಲಿ ತಪ್ಪು. ಹತ್ತಿಕಾಳಿನ ಹಿಂಡಿ ರಾಯಚೂರಿನಲ್ಲಿ ಅಗ್ಗವೆಂದು ಅದನ್ನೇ ತುಂಬಬಾರದು. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶ ಹೆಚ್ಚಾದರೆ ಮೀನಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ.

ಮೃಗಾಲ್ ಮತ್ತು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಸೊರಗಿದ್ದರೆ ದೋಷ ತಳದಲ್ಲಿದೆ. ಕಾಲಿಗೆ ತಾಗುವ ಕೆಸರನ್ನು ಒಂದು ಹಿಡಿ ಎತ್ತಿ ಮೂಸಿ ನೋಡಬೇಕು. ಕಂದು ಬಣ್ಣದ, ಮಣ್ಣಿನ ವಾಸನೆಯ ಕೆಸರು ಒಳ್ಳೆಯದು. ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ ಬರುವ ಕೆಸರಿನಲ್ಲಿ ಹುಳು ಬದುಕುವುದಿಲ್ಲ, ಆ ಅನಿಲ ಮೀನನ್ನೂ ತಳಕ್ಕೆ ಇಳಿಯಗೊಡುವುದಿಲ್ಲ. ಆ ಕಪ್ಪು ಬಹುತೇಕ ತಿನ್ನದೆ ಉಳಿದ ಪೆಲೆಟ್ಟಿನದೇ. ರೋಹು ಮಾತ್ರ ಸೊರಗುವುದು ಅಪರೂಪ. ಹಾಗಾದರೆ ಗಳ, ಬಿದಿರು, ಕೊಂಬೆಗಳನ್ನು ನೀರಿನಲ್ಲಿ ನೆಟ್ಟರೆ ಅವುಗಳ ಮೇಲೆ ಕಟ್ಟುವ ಲೋಳೆಪಾಚಿಯನ್ನು ಅದು ಕೆರೆದು ತಿನ್ನುತ್ತದೆ.

ಎಲ್ಲ ಜಾತಿಗಳೂ ಒಂದೇ ರೀತಿ ಸಣಕಲಾಗಿದ್ದರೆ ಸಂಖ್ಯೆ ಹೆಚ್ಚಾಗಿದೆ, ಇಲ್ಲವೇ ಊಟವನ್ನು ಬೇರೆ ಯಾರೋ ತಿನ್ನುತ್ತಿದ್ದಾರೆ. ಎಕರೆಗೆ 4,000 ಮರಿ ಬಿಟ್ಟು ಮೇವು ಹಾಕಿ ಸಾಕಬಹುದು; ಸಹಜ ಆಹಾರವನ್ನೇ ನಂಬಿದರೆ ಅದರ ಅರ್ಧವೂ ಹೆಚ್ಚೇ. ಈ ಲೆಕ್ಕವನ್ನು ಹೊಂಡ ತುಂಬಿದ ದಿನದ ನೀರಿಗೆ ಹಾಕದೆ, ಕಾಲುವೆ ನಿಂತ ಮೇಲೆ ಬೇಸಿಗೆಯಲ್ಲಿ ಉಳಿಯುವ ನೀರಿಗೆ ಹಾಕಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆಯ ಕೊನೆಯ ಭಾಗದ ನಮಗೆಲ್ಲ ಮೊದಲು ಬಂದ ಚಿಂತೆ ಹೊಂಡದ ನೀರಿನದೇ ಆಗಿತ್ತು. ಇನ್ನು ಕಾಲುವೆ ನೀರಿನೊಡನೆ ಬಂದು ಸೇರುವ ಜಿಲೇಬಿ ಮೀನು (ತಿಲಾಪಿಯಾ) ಎರಡು ಮೂರು ತಿಂಗಳಿಗೇ ಮರಿ ಹಾಕಲು ತೊಡಗಿ ಪೆಲೆಟ್ಟಿನ ದೊಡ್ಡ ಪಾಲನ್ನು ಕಬಳಿಸುತ್ತದೆ. ಬೀಸುಬಲೆಯಲ್ಲಿ ಬೆರಳುದ್ದದ ಜಿಲೇಬಿ ಮರಿಗಳು ಬಂದರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ನೀರು ಬರುವ ಕೊಳವೆಗೆ ಸಣ್ಣ ಕಣ್ಣಿನ ಬಲೆಯ ಚೀಲ ಕಟ್ಟಿ, ಒಳಗಿರುವುದನ್ನು ಪದೇಪದೇ ಬಲೆ ಎಳೆದು ತೆಗೆಯಬೇಕು.

ಸಂದೇಹ ಉಳಿದರೆ ಒಂದು ಮೀನನ್ನು ಕೊಯ್ದು ನೋಡುವುದೇ ಒಳ್ಳೆಯದು. ಅದಕ್ಕೆ ಮೇವು ಹಾಕಿ ಮೂರು ಗಂಟೆ ಕಳೆದಿರಬೇಕು. ಹೊಟ್ಟೆಯನ್ನು ಕೆಳಗಿನಿಂದ ಸೀಳಿ ಕರುಳನ್ನು ಬಿಡಿಸಿ ಹರಡಿದಾಗ ರೋಹುವಿನ ಕರುಳು ಅದರ ಮೈಯುದ್ದದ ಹಲವು ಪಟ್ಟು ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಅದರೊಳಗಿನದನ್ನು ಬೆರಳಿನಿಂದ ಒತ್ತಿ ಬಿಳಿ ತಟ್ಟೆಯ ಮೇಲೆ ತೆಗೆದರೆ ಹಸಿರುಗಪ್ಪು ಲೇಪ ಸಹಜ ಆಹಾರದ್ದು, ತಿಳಿಗಂದು ಹಿಟ್ಟು ಪೆಲೆಟ್ ಅಥವಾ ತೌಡಿನದ್ದು, ಮರಳುಮರಳಾದ ಬೂದು ಕೆಸರು ಏನೂ ಸಿಗದೆ ಮಣ್ಣು ನುಂಗಿದ್ದು. ಕರುಳು ಖಾಲಿಯಾಗಿ, ಪಿತ್ತಕೋಶ ಕಡುಹಸಿರಾಗಿ ಉಬ್ಬಿದ್ದರೆ ಆ ಮೀನು ಹಲವು ದಿನಗಳಿಂದ ಉಪವಾಸವಿದೆ. ಪೆಲೆಟ್ ಖಾಲಿಯಾಗುತ್ತಿದ್ದ ನನ್ನ ಹೊಂಡದಲ್ಲಿ ಹಿಡಿದ ಒಂದು ಕಟ್ಲಾದಲ್ಲಿ ಹುಣಸೆಬೀಜದಷ್ಟು ದೊಡ್ಡ ಪಿತ್ತಕೋಶವನ್ನು ಕಂಡ ದಿನದಿಂದ ನಾನು ತೇಲುವ ಮೇವಿನ ಕಣ್ಮರೆಯನ್ನು ನಂಬುವುದನ್ನು ಬಿಟ್ಟೆ.

ನೀರು ತಿಳಿಯಾಗಿದೆ, ಅಥವಾ ಸದಾ ಕೆಸರಾಗಿದೆ

ಸಿಂಧನೂರಿನ ಪುನರ್ವಸತಿ ಶಿಬಿರಗಳಾದ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆಸಿರುವ ಬಂಗಾಳಿ ಕುಟುಂಬಗಳ ಹಿರಿಯರು ನೀರನ್ನು ಅಳೆಯುವ ಬಗೆಯನ್ನು ನೋಡಿ ನಾನು ಕಲಿತೆ. ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ತೋಳನ್ನು ನೇರವಾಗಿ ನೀರಿಗೆ ಇಳಿಸುತ್ತ ಹೋದಾಗ ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಂತಾದರೆ ಸಹಜ ಆಹಾರ ಸರಿಯಾಗಿದೆ. ಅಂದರೆ ಸುಮಾರು 30ರಿಂದ 40 ಸೆಂಟಿಮೀಟರ್. ಮೊಣಕೈ ದಾಟಿದರೂ ಬೆರಳು ಎಣಿಸುವಂತಿದ್ದರೆ ನೀರು ಬಡವಾಗಿದೆ. ಮಣಿಕಟ್ಟು ಮುಳುಗುವ ಮೊದಲೇ ಅಂಗೈ ಮಾಯವಾದರೆ ಅತಿಯಾಗಿದೆ. ಆದರೆ ಕೆಸರಿಗೂ ಅಂಗೈ ಮಾಯವಾಗುತ್ತದೆ. ಆದ್ದರಿಂದ ಗಾಜಿನ ಲೋಟದಲ್ಲಿ ನೀರು ತುಂಬಿ ಸೂರ್ಯನಿಗೆ ಎದುರಾಗಿ ಹಿಡಿಯಬೇಕು: ಹಸಿರು ಛಾಯೆಯ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿಚುಕ್ಕೆಗಳು ತಟ್ಟತಟ್ಟನೆ ಜಿಗಿಯುತ್ತಿದ್ದರೆ ಅವೇ ಕಟ್ಲಾದ ಊಟ. ಇನ್ನೂ ಖಚಿತವಾಗಬೇಕಾದರೆ ಪ್ಲಾಂಕ್ಟನ್ ಬಲೆಯಲ್ಲಿ 50 ಲೀಟರ್ ನೀರು ಸೋಸಿ, ಉಳಿದದ್ದನ್ನು ಅಳತೆಯ ಕೊಳವೆಯಲ್ಲಿ ತಳಕ್ಕೆ ಕೂರಲು ಬಿಟ್ಟು, 1ರಿಂದ 2 ಮಿಲಿಲೀಟರ್ ಬಂದರೆ ಸಾಕಷ್ಟಿದೆ ಎಂದರ್ಥ.

ತಿಳಿನೀರಿಗೆ ಔಷಧ ಸಗಣಿ. ಎಕರೆಗೆ ವಾರಕ್ಕೆ ಒಂದೆರಡು ಕ್ವಿಂಟಲ್ ಹಸಿ ಸಗಣಿಯನ್ನು ನೀರಿನಲ್ಲಿ ಕಲಸಿ, ಬಿಸಿಲಿರುವ ದಿನ, ಒಂದೇ ಕಡೆ ಸುರಿಯದೆ ಸುತ್ತಲೂ ಎರಚಬೇಕು. ನೀರಿಗೆ ಬಣ್ಣ ಹಿಡಿದೊಡನೆ ನಿಲ್ಲಿಸಬೇಕು. ನೀರಿನಲ್ಲಿ ಅಮೋನಿಯಾ ಆಗುವ ಯೂರಿಯಾ ವಿಷಯದಲ್ಲಿ ನಮ್ಮ ಕಡೆ ವಿಶೇಷ ಎಚ್ಚರಿಕೆ ಬೇಕು. ಎರೆಭೂಮಿಯ ನೀರು ಸಾಮಾನ್ಯವಾಗಿ ಕ್ಷಾರದ್ದು, ಮತ್ತು ಪಾಚಿ ಹೆಚ್ಚಿದ ಹೊಂಡದ ಪಿಎಚ್ ಮಧ್ಯಾಹ್ನ ಇನ್ನೂ ಏರುತ್ತದೆ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದ ವಿಷರೂಪ ಶೇಕಡ 1ಕ್ಕಿಂತ ಕಡಿಮೆ, 8 ಇದ್ದಾಗ ಸುಮಾರು ಶೇಕಡ 7, 9 ಆದಾಗ ಶೇಕಡ 40ಕ್ಕಿಂತ ಹೆಚ್ಚು. ಅದೇ ಯೂರಿಯಾ, ಅದೇ ಪ್ರಮಾಣ, ಆದರೆ ನಮ್ಮ ನೀರಿನಲ್ಲಿ ಅಪಾಯ ಹಲವು ಪಟ್ಟು. ಇದೇ ಕಾರಣಕ್ಕೆ ಪಿಎಚ್ 8.5 ಇರುವ ಹೊಂಡಕ್ಕೆ ಪ್ರತಿ ತಿಂಗಳೂ ಸುಣ್ಣ ಹಾಕುವುದರಲ್ಲಿಯೂ ಅರ್ಥವಿಲ್ಲ. ಕರಾವಳಿ, ಮಲೆನಾಡಿನ ಹುಳಿಮಣ್ಣಿಗೆ ಹೇಳಿದ ಸಲಹೆ ಇಲ್ಲಿಗೆ ಹೊಂದುವುದಿಲ್ಲ.

ಸದಾ ಬೂದುಬಣ್ಣದ ಕೆಸರು ನೀರು ಎರೆಭೂಮಿಯ ಹಳೆಯ ರೋಗ. ಬೆಳಕು ಒಳಗಿಳಿಯದ ನೀರಿನಲ್ಲಿ ಎಷ್ಟು ಸಗಣಿ ಹಾಕಿದರೂ ಪಾಚಿ ಹುಟ್ಟುವುದಿಲ್ಲ. ಬಾಟಲಿಯಲ್ಲಿ ನೀರು ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಬೇಕು. ಬೆಳಿಗ್ಗೆ ತಿಳಿಯಾದರೆ ಮಣ್ಣನ್ನು ಯಾರೋ ಕದಡುತ್ತಿದ್ದಾರೆ: ಎಮ್ಮೆ, ಒಡ್ಡಿನಿಂದ ಇಳಿಯುವ ಮಳೆನೀರು, ಅಥವಾ ತಳ ಕೆದಕುವ ಸಾಮಾನ್ಯ ಗೆಂಡೆ ಅತಿಯಾಗಿರುವುದು. ತಿಳಿಯಾಗದಿದ್ದರೆ ಜೇಡಿಯ ಕಣಗಳು ತಾವಾಗಿ ಕೂರುವಂಥವಲ್ಲ, ಅವಕ್ಕೆ ಜಿಪ್ಸಮ್ ಬೇಕಾಗಬಹುದು. ಮೊದಲು 10 ಲೀಟರ್ ಬಕೆಟ್ಟಿಗೆ 2 ಗ್ರಾಂ ಹಾಕಿ ಕದಡಿ ಮರುದಿನ ನೋಡಬೇಕು. ಅದೇ ಪ್ರಮಾಣವನ್ನು ಒಂದೂವರೆ ಮೀಟರ್ ಆಳದ ಅರ್ಧ ಎಕರೆ ಹೊಂಡಕ್ಕೆ ಲೆಕ್ಕ ಹಾಕಿದರೆ ಸುಮಾರು 600 ಕೆ.ಜಿ. ಆಗುವುದರಿಂದ, ಬಕೆಟ್ಟಿನಲ್ಲಿ ಫಲ ಕಾಣದೆ ಹೊಂಡಕ್ಕೆ ಖರ್ಚು ಮಾಡಬಾರದು.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ

ಇದು ಕಾಯುವ ಲಕ್ಷಣವಲ್ಲ. ಯಾವ ಹೊತ್ತಿಗೆ ಬಾಯಿ ಬಿಡುತ್ತಿವೆ ಎಂಬುದರಿಂದ ಕಾರಣ ತಿಳಿಯುತ್ತದೆ. ಮುಂಜಾನೆ ಬಾಯಿ ಬಿಟ್ಟು ಬಿಸಿಲೇರಿದ ಮೇಲೆ ಕೆಳಗಿಳಿದರೆ ಆಮ್ಲಜನಕದ ಕೊರತೆ. ಆಗ ದೊಡ್ಡ ಮೀನುಗಳೇ ಮೊದಲು ಸಾಯುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ, ಗಾಢ ಹಸಿರು ನೀರಿನಲ್ಲಿ ಚಡಪಡಿಸಿದರೆ ಪಿಎಚ್ ಮತ್ತು ಅಮೋನಿಯಾದ ಸಂಶಯ. ಹಗಲು ರಾತ್ರಿ ಎನ್ನದೆ ಒಂದೇ ರೀತಿಯಿದ್ದರೆ ಕಿವಿರಿಗೆ ಪೆಟ್ಟಾಗಿದೆ: ಪರಾವಲಂಬಿ ಅಥವಾ ವಿಷ.

ಮೂರರಲ್ಲಿಯೂ ಮೊದಲ ಕೆಲಸ ಪೆಲೆಟ್ ಮತ್ತು ಸಗಣಿ ಎರಡನ್ನೂ ಆ ಕ್ಷಣವೇ ನಿಲ್ಲಿಸುವುದು. ಸೋತ ಮೀನಿಗೆ ಮೇವು ಹಾಕಿ ಶಕ್ತಿ ತುಂಬುತ್ತೇವೆಂದು ಹೊರಟವರು ರಾತ್ರೋರಾತ್ರಿ ಹೊಂಡ ಕಳೆದುಕೊಂಡಿದ್ದಾರೆ. ತಿನ್ನದ ಮೇವು ಕೊಳೆಯಲು ಇದ್ದ ಆಮ್ಲಜನಕವನ್ನೇ ಬಳಸುತ್ತದೆ. ಎರಡನೆಯದು ಪಂಪ್ ಹಚ್ಚಿ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸುವುದು. ಕೊಳವೆಬಾವಿಯ ನೀರನ್ನು ಬಿಡುವುದಾದರೆ ಅದರಲ್ಲಿಯೂ ಆಮ್ಲಜನಕ ಕಡಿಮೆ ಇರುವುದರಿಂದ ಕಲ್ಲುಗಳ ಮೇಲೆ ಎತ್ತರದಿಂದ ಬೀಳುವಂತೆ ಮಾಡಬೇಕು. ನೀರಿಗೆ ಗಾಳಿ ಬೆರೆಸುವ ಯಂತ್ರ (ಏರೇಟರ್) ಇದ್ದರೆ ರಾತ್ರಿ ಎರಡರಿಂದ ಸೂರ್ಯೋದಯದವರೆಗೆ ಓಡಿಸುವುದು ಅತಿ ಉಪಯುಕ್ತ.

ಇಲ್ಲಿ ನಿಮ್ಮ ಜೀವದ ಮಾತೂ ಇದೆ. ಕತ್ತಲೆಯಲ್ಲಿ ಗಾಬರಿಯಿಂದ ಓಡಿ ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವುದು, ಜೋಡಿಸಿದ ವೈರನ್ನು ನೀರಿನಲ್ಲಿ ಎಳೆದಾಡುವುದು ಮೀನಿನ ನಷ್ಟಕ್ಕಿಂತ ದೊಡ್ಡ ಅನಾಹುತಕ್ಕೆ ದಾರಿ. ಮೋಟರಿಗೆ ಅರ್ತಿಂಗ್ ಮತ್ತು ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಯಂತ್ರ ಓಡುತ್ತಿರುವಾಗ ಯಾರೂ ಹೊಂಡಕ್ಕೆ ಇಳಿಯಬಾರದು.

ನೀರಿನ ಮೇಲೆ ಹಸಿರು ಬಣ್ಣದ ಡಬ್ಬಿ ಚೆಲ್ಲಿದಂತೆ ದಪ್ಪ ಕೆನೆ ಕಟ್ಟಿದ್ದರೆ ಅದು ನೀಲಿಹಸಿರು ಪಾಚಿ. ಗೆಂಡೆಗಳಿಗೆ ಅದು ಒಳ್ಳೆಯ ಊಟವಲ್ಲ, ಅದು ಒಮ್ಮೆಗೇ ಸತ್ತರೆ ಮರುರಾತ್ರಿ ಆಮ್ಲಜನಕ ಕುಸಿಯುತ್ತದೆ. ಪಾಚಿನಾಶಕ ಸುರಿಯದೆ, ಗಾಳಿ ತಳ್ಳಿದ ಮೂಲೆಯಲ್ಲಿ ಬಟ್ಟೆಯಿಂದ ಕೆನೆಯನ್ನು ಎಳೆದು ತೆಗೆದು, ಮೇವನ್ನು ಅರ್ಧಕ್ಕೆ ಇಳಿಸಿ, ಸಾಧ್ಯವಿದ್ದರೆ ಕಾಲು ಭಾಗ ನೀರು ಬದಲಿಸಬೇಕು. ಆ ಕೆನೆ ಇರುವ ನೀರನ್ನು ದನಗಳಿಗೆ ಕುಡಿಸಬಾರದು.

ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡದಲ್ಲಿ ಬೆಳವಣಿಗೆ ಇಲ್ಲ

2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ನಂತರ ಕೊಪ್ಪಳ, ಕುಷ್ಟಗಿ, ಲಿಂಗಸುಗೂರಿನ ಒಣಭೂಮಿಯಲ್ಲಿ ಇಂಥ ಹೊಂಡಗಳು ಬಹಳ ಆದವು. ಮೇಲೆ ಬರೆದದ್ದರಲ್ಲಿ ಅರ್ಧ ಇವಕ್ಕೆ ಅನ್ವಯಿಸುವುದಿಲ್ಲ. ಹಾಳೆಯ ಮೇಲೆ ಮಣ್ಣಿಲ್ಲ, ಮಣ್ಣಿಲ್ಲದೆ ತಳದ ಹುಳುವಿಲ್ಲ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗೆ ಅಲ್ಲಿ ಹಸಿವೇ ಗತಿ. ಇಲ್ಲಿ ಮಾತ್ರ ಪೆಲೆಟ್ ಮುಖ್ಯ ಊಟವಾಗಬೇಕಾಗುತ್ತದೆ. 21 ಮೀಟರ್ ಉದ್ದ ಅಗಲದ ಹೊಂಡದ ವಿಸ್ತೀರ್ಣ ಎಕರೆಯ ಒಂಬತ್ತನೆಯ ಒಂದು ಭಾಗ ಮಾತ್ರ. ಅದಕ್ಕೆ 400 ಮೀನು ಸಾಕು, ಅದರಲ್ಲಿಯೂ ರೋಹು ಹೆಚ್ಚಿರಲಿ. 2,000 ಮರಿ ಬಿಟ್ಟು ವರ್ಷದ ಕೊನೆಗೆ ಅಂಗೈಯಗಲದ ಮೀನು ಹಿಡಿದವರ ಹೊಂಡದಲ್ಲಿ ಹುಡುಕಬೇಕಾದ ಬೇರೆ ದೋಷವಿರುವುದಿಲ್ಲ. ಆ ಹಾಳೆಯ ಇಳಿಜಾರು ಲೋಳೆಗಟ್ಟಿದ ಮೇಲೆ, ಈಜು ಬಲ್ಲವರೂ ಹತ್ತಿ ಬರಲಾರರು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಸುತ್ತ ಬೇಲಿ ಕಟ್ಟದೆ ಇಂಥ ಹೊಂಡದಲ್ಲಿ ಮೀನು ಸಾಕಬಾರದು. ಮೇವು ಹಾಕಲು ಮಕ್ಕಳನ್ನು ಒಬ್ಬರೇ ಕಳುಹಿಸಬಾರದು.

ಮೀನು ನೆಗೆಯುತ್ತದೆ, ಮೈ ಉಜ್ಜುತ್ತದೆ

ಹಿಡಿದು ರೆಕ್ಕೆಯ ಬುಡ ನೋಡಿದರೆ ಹೆಸರುಕಾಳಿನಷ್ಟು ಚಪ್ಪಟೆಯಾದ, ಪಾರದರ್ಶಕ ಮೀನುಹೇನು ಹರಿದಾಡುವುದು ಬರಿಗಣ್ಣಿಗೇ ಕಾಣುತ್ತದೆ. ಇದಿರುವಾಗ ಮೇವಿನ ಪ್ರಯೋಗಗಳೆಲ್ಲ ವ್ಯರ್ಥ. ಹೇನು ಮೊಟ್ಟೆಯಿಡುವ ಗಳ, ಹಲಗೆಗಳನ್ನು ತೆಗೆದು ಬಿಸಿಲಿಗೆ ಒಣಗಿಸಬಹುದು. ಔಷಧವನ್ನು ಮಾತ್ರ ಇಲಾಖೆಯ ಸಲಹೆಯಿಲ್ಲದೆ ಹಾಕಬಾರದು; ಹತ್ತಿಗೆ ಹೊಡೆಯುವ ಕೀಟನಾಶಕವನ್ನು ಅಂದಾಜಿನಿಂದ ಸುರಿದರೆ ಹೇನಿನೊಡನೆ ಪ್ರಾಣಿ ಪ್ಲಾಂಕ್ಟನ್ನೂ ಸಾಯುತ್ತದೆ, ಕಟ್ಲಾ ಮತ್ತೆ ಉಪವಾಸ ಬೀಳುತ್ತದೆ.

ಗದ್ದೆಯ ನೀರು ಸೇರಿದ ನಂತರ ಎಲ್ಲ ಗಾತ್ರದ ಮೀನು ಸಾಯುತ್ತಿದೆ

ಇಲ್ಲಿಗೆ ಸ್ವಂತ ತಪಾಸಣೆ ನಿಲ್ಲಬೇಕು. ಭತ್ತಕ್ಕೋ ಹತ್ತಿಗೋ ಸಿಂಪಡಿಸಿದ ಕೀಟನಾಶಕ ಬಸಿಗಾಲುವೆಯ ಮೂಲಕ ಬಂದಿರುವ ಸಾಧ್ಯತೆ ಹೆಚ್ಚು. ಲೋಟದ ನೀರಿನಲ್ಲಿ ಜಿಗಿಯುವ ಚುಕ್ಕೆಗಳು ಒಂದೂ ಇಲ್ಲದಿದ್ದರೆ, ಸಿಗಡಿ, ನೀರುಹುಳುಗಳೂ ಸತ್ತು ದಡ ಸೇರಿದ್ದರೆ ಸಂಶಯ ಬಲವಾಗುತ್ತದೆ. ಒಳಹರಿವನ್ನು ಮುಚ್ಚಬೇಕು. ಸತ್ತ ಅಥವಾ ಸಾಯುತ್ತಿರುವ ಮೀನನ್ನು ತಿನ್ನಬಾರದು, ಮಾರಬಾರದು, ಕಾಲುವೆಗೆ ಎಸೆಯಬಾರದು. ಕೈಗವಸು ಹಾಕಿ ತೆಗೆದು ನೀರಿನ ಮೂಲಗಳಿಂದ ದೂರದಲ್ಲಿ ಆಳವಾಗಿ ಹೂಳಬೇಕು.

ಇದಲ್ಲದೆ, ಒಂದೇ ದಿನದಲ್ಲಿ ಹತ್ತಕ್ಕಿಂತ ಹೆಚ್ಚು ಮೀನು ಸತ್ತರೆ, ಮೈಮೇಲೆ ಕೆಂಪು ಹುಣ್ಣು ಕಂಡರೆ, ಅಥವಾ ಮೇವು ನಿಲ್ಲಿಸಿ ನೀರು ಚಿಮ್ಮಿಸಿದ ಮೇಲೆಯೂ ಎರಡನೆಯ ಮುಂಜಾನೆ ಮೀನು ಬಾಯಿ ಬಿಟ್ಟರೆ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅಥವಾ ರಾಯಚೂರು, ಗಂಗಾವತಿ, ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಿಗೆ ಹೋಗಬೇಕು. ಬರಿಗೈಯಲ್ಲಿ ಹೋಗಿ ಬಾಯಿಮಾತಿನಲ್ಲಿ ಹೇಳಿದರೆ ಅವರಿಗೂ ನಿರ್ಣಯ ಕಷ್ಟ. ಬೆಳಿಗ್ಗೆ ಆರಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಬೇರೆಬೇರೆಯಾಗಿ ಗಾಳಿಗುಳ್ಳೆ ಉಳಿಯದಂತೆ ಹೊಂಡದ ನೀರು ತುಂಬಿದ, ಒಂದೊಂದು ಲೀಟರಿನ ಎರಡು ಬಾಟಲಿಗಳು, ಒಂದು ಹಿಡಿ ಪೆಲೆಟ್, ಚೀಲದ ಮೇಲಿನ ದಿನಾಂಕದ ಚಿತ್ರ, ಜಾತಿವಾರು ತೂಕದ ಚೀಟಿ, ಬರ್ಫದ ಮೇಲಿಟ್ಟ ಈಗತಾನೇ ಹಿಡಿದ ಎರಡು ಮೀನುಗಳು ಜೊತೆಗಿರಲಿ. ಸತ್ತು ಉಬ್ಬಿದ ಮೀನಿನಿಂದ ಏನೂ ತಿಳಿಯುವುದಿಲ್ಲ. ಜೀವವಿದ್ದು ಬಳಲುತ್ತಿರುವ ಮೀನನ್ನೇ ಆರಿಸಿ ಒಯ್ಯಬೇಕು.